ಬೀದರಿನ ಕುದುರೆ, ಗೋವಾದ ಹಡಗು: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಮುದ್ರ ಯುದ್ಧಗಳ ಬಗ್ಗೆ 'ಹೀಗಾಗಿದ್ದರೆ ಏನಾಗುತ್ತಿತ್ತು' ಅನ್ನೋ ಪ್ರಶ್ನೆಗಳನ್ನು ಕೇಳಿದ್ದೆವು. ಕಲ್ಯಾಣ ಕರ್ನಾಟಕದಿಂದಲೇ ಜಾಸ್ತಿ ಪತ್ರ ಬಂದಿವೆ. ಅದರಲ್ಲಿ ನಾಲ್ಕನ್ನು ಈ ಸಲ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಮನೆ ಮಹಮೂದ್ ಗವಾನ್ ಮದ್ರಸಾದ ಹತ್ತಿರವೇ ಇದೆ. ಗವಾನ್ ಗೋವಾ ಗೆದ್ದಿದ್ದ ಅಂತ ಓದಿದೆ. 1481ರಲ್ಲಿ ಅವನನ್ನು ಕೊಲ್ಲಿಸದೇ ಇದ್ದಿದ್ದರೆ ಪೋರ್ಚುಗೀಸರಿಗೆ ಗೋವಾ ಸಿಗುತ್ತಿತ್ತಾ? ಅಷ್ಟಕ್ಕೂ ಬೀದರಿನವರಿಗೆ ಸಮುದ್ರ ಯಾಕೆ ಬೇಕಿತ್ತು? (ಬೀದರ್)

ಬೀದರ್ ಆಗ ಬಹಮನಿ ಸುಲ್ತಾನರ ರಾಜಧಾನಿ, ಗವಾನ್ ಅವರ ಮಂತ್ರಿ. ಸಮುದ್ರ ಅವರಿಗೆ ಕುದುರೆಗಾಗಿ ಬೇಕಿತ್ತು. ಯುದ್ಧಕ್ಕೆ ಬೇಕಾದಂಥ ಕುದುರೆ ನಮ್ಮ ದಖ್ಖನ್ನಿನಲ್ಲಿ ಸಾಕಷ್ಟು ಹುಟ್ಟುತ್ತಿರಲಿಲ್ಲ. ಅರೇಬಿಯಾದಿಂದ, ಪರ್ಷಿಯನ್ ಕೊಲ್ಲಿಯ ಬಾಯಲ್ಲಿರೋ ಹೊರ್ಮುಜ್‌ನಿಂದ ಹಡಗಿನಲ್ಲಿ ತರಬೇಕಿತ್ತು. ಚೌಲ್, ದಾಭೋಲ್, ಗೋವಾ, ಭಟ್ಕಳದ ಬಂದರುಗಳಲ್ಲಿ ಇಳಿಸಿ ಘಟ್ಟ ಹತ್ತಿಸಬೇಕಿತ್ತು. ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಅದೇ ಕಾಲದಲ್ಲಿ ಒಂದು ಕುದುರೆ ಹಿಡಿದುಕೊಂಡು ಚೌಲ್‌ನಲ್ಲಿ ಇಳಿದ. ಅದನ್ನು ಮಾರಿದ್ದು ಬೀದರಿನಲ್ಲಿ. ಇಲ್ಲಿ ಕುದುರೆಗೆ ಕಾಳು ಹಾಕುತ್ತಾರೆ, ಸಕ್ಕರೆ ಎಣ್ಣೆ ಸೇರಿಸಿ ಬೇಯಿಸಿದ ಕಿಚಡಿ ತಿನ್ನಿಸುತ್ತಾರೆ ಅಂತ ಬೆರಗಾಗಿ ಬರೆದಿದ್ದಾನೆ. ವರ್ಷಕ್ಕೊಮ್ಮೆ ಹತ್ತು ದಿನ ನಡೆಯೋ ಒಂದು ಜಾತ್ರೆಗೆ 20,000 ಕುದುರೆ ಬರುತ್ತವೆ ಅಂತಲೂ ಹೇಳಿದ್ದಾನೆ. ಆ ಜಾಗ ಕಲಬುರಗಿ ಜಿಲ್ಲೆಯ ನಮ್ಮ ಆಳಂದ ಅಂತ ವಿದ್ವಾಂಸರು ಗುರುತಿಸುತ್ತಾರೆ. ಲೆಕ್ಕ ಸ್ವಲ್ಪ ಉಬ್ಬಿಸಿದ್ದರೂ ಇರಲಿ, ಅಷ್ಟೊಂದು ಕುದುರೆ ಆಳಂದದಲ್ಲಿ ನಿಲ್ಲಬೇಕಾದರೆ ಅದರ ಹಿಂದೆ ಎಷ್ಟು ಹಡಗು ಓಡಾಡಿರಬೇಕು ಅಂತ ಯೋಚಿಸಿ.

ಗವಾನ್‌ಗೆ ಇದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನೇ ಇರಾನಿನ ಗಿಲಾನ್‌ನಿಂದ ವ್ಯಾಪಾರಿಯಾಗಿ ದಾಭೋಲ್‌ಗೆ ಬಂದು ಇಳಿದವನು. 1469ರಿಂದ ಕೊಂಕಣದ ಕೋಟೆಗಳನ್ನು ಒಂದೊಂದಾಗಿ ಹಿಡಿದ. 1472ರಲ್ಲಿ ಗೋವಾ ತೆಗೆದುಕೊಂಡ. ನೆಲದಿಂದ ಸೈನ್ಯ, ಸಮುದ್ರದಿಂದ 120 ಹಡಗು ಅಂತ ಇತಿಹಾಸಕಾರ ಫೆರಿಷ್ಟಾ ಬರೆಯುತ್ತಾನೆ. ಗೋವಾ ಅದುವರೆಗೆ ವಿಜಯನಗರದ ಕೈಯಲ್ಲಿತ್ತು. ಒಂದೇ ಏಟಿಗೆ ಇವರಿಗೆ ಕುದುರೆ ದಾರಿ ತೆರೆಯಿತು, ಅವರಿಗೆ ಒಂದು ಬಾಗಿಲು ಮುಚ್ಚಿತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. 1481ರಲ್ಲಿ ಗವಾನ್‌ಗೆ ಎಪ್ಪತ್ತರ ಆಸುಪಾಸು. ಹೇಗೂ 1510ರವರೆಗೆ ಬದುಕಿರುತ್ತಿರಲಿಲ್ಲ. ಹಾಗಾಗಿ ಕೇಳಬೇಕಾದದ್ದು ಅವನು ಮಾಡಿದ್ದ ವ್ಯವಸ್ಥೆ ಉಳಿಯುತ್ತಿತ್ತಾ ಅಂತ. ನಾಲ್ಕು ಪ್ರಾಂತ್ಯಗಳನ್ನು ಒಡೆದು ಎಂಟು ಮಾಡಿದ್ದ. ಒಬ್ಬ ಸರದಾರನ ಕೈಯಲ್ಲಿ ಒಂದೇ ಕೋಟೆ, ಉಳಿದದ್ದು ಸುಲ್ತಾನನಿಗೆ ಅಂತ ಕಟ್ಟು ಮಾಡಿದ್ದ. ಇದರಿಂದ ಹಣ ಬೀದರಿಗೆ ಬರುತ್ತಿತ್ತು. ಹಡಗಿನವರಿಗೆ ಸಂಬಳ ಕೊಡೋದು ಅದೇ ಹಣ ಅಲ್ವಾ? ಇದೇ ಕಾರಣಕ್ಕೆ ಸರದಾರರು ಕೆರಳಿ, ಒಡಿಶಾದ ರಾಜನಿಗೆ ಬರೆದಂತೆ ಒಂದು ಸುಳ್ಳು ಪತ್ರ ಸೃಷ್ಟಿಸಿದರು. ಕುಡಿದ ಮತ್ತಿನಲ್ಲಿದ್ದ ಸುಲ್ತಾನ ನಂಬಿ ಕೊಲ್ಲಿಸಿದ. ಆಮೇಲೆ ಏನಾಯಿತು ನೋಡಿ. ಬಹಾದುರ್ ಗಿಲಾನಿ ಅನ್ನೋ ಅಧಿಕಾರಿ ಗೋವಾ, ದಾಭೋಲ್ ಎಲ್ಲ ತನ್ನದೇ ಅಂತ ಕೂತುಬಿಟ್ಟ. ಗುಜರಾತಿನ ಹಡಗುಗಳನ್ನು ದೋಚತೊಡಗಿದ. ಗುಜರಾತಿನ ಸುಲ್ತಾನ ಬೀದರಿಗೆ ದೂರು ಕೊಟ್ಟ. ಬೀದರಿನವರಿಗೆ ತಮ್ಮದೇ ಬಂದರಿನ ಅಧಿಕಾರಿಯನ್ನು ಹಿಡಿಯೋಕೆ ವರ್ಷಗಳೇ ಬೇಕಾದವು, 1494ರಲ್ಲಿ ಅವನನ್ನು ಕೊಂದರು. ನನ್ನ ಪ್ರಕಾರ ಗೋವಾ ಬೀದರಿನ ಕೈಬಿಟ್ಟಿದ್ದು ಆ ವರ್ಷಗಳಲ್ಲಿ. ಪೋರ್ಚುಗೀಸರ ಹೆಸರು ಆಗಿನ್ನೂ ನಮ್ಮ ಕರಾವಳಿಯಲ್ಲಿ ಯಾರೂ ಕೇಳಿರಲಿಲ್ಲ.

ಸುಲ್ತಾನ ಆ ಪತ್ರವನ್ನು ನಂಬಲಿಲ್ಲ, ವ್ಯವಸ್ಥೆ ಉಳಿಯಿತು ಅಂತಿಟ್ಟುಕೊಳ್ಳಿ. 1510ರಲ್ಲಿ ಪೋರ್ಚುಗೀಸರ ಗವರ್ನರ್ ಆಲ್ಬುಕರ್ಕ್ ಬರುತ್ತಾನೆ. ನಿಜವಾಗಿ ನಡೆದದ್ದರಲ್ಲೇ ಅವನು ಸ್ವಲ್ಪದರಲ್ಲಿ ಸೋತಿದ್ದ. ಮೊದಲ ಸಲ ಸುಲಭವಾಗಿ ಗೋವಾ ಹಿಡಿದ. ಆದರೆ ಮೇ ತಿಂಗಳಲ್ಲಿ, ಬಹಮನಿ ರಾಜ್ಯ ಒಡೆದ ಮೇಲೆ ಗೋವಾ ಆಳುತ್ತಿದ್ದ ಬಿಜಾಪುರದ ಸೈನ್ಯ ಅವನನ್ನು ಊರಿನಿಂದ ಓಡಿಸಿತು. ಅಷ್ಟರಲ್ಲಿ ಮುಂಗಾರು ಹಿಡಿಯಿತು. ಅಲೆಯ ಅಬ್ಬರಕ್ಕೆ ಮಾಂಡೋವಿಯ ಅಳಿವೆ ದಾಟಿ ಹೊರಗೆ ಹೋಗುವಂತಿಲ್ಲ, ದಡಕ್ಕೆ ಇಳಿದರೆ ಗುಂಡು. ಆಗಸ್ಟ್‌ವರೆಗೆ ಹಡಗುಗಳು ನದಿಯಲ್ಲೇ ಸಿಕ್ಕಿಬಿದ್ದವು. ಊಟಕ್ಕೆ ಇಲಿ ಹಿಡಿದರು, ಚರ್ಮ ಬೇಯಿಸಿಕೊಂಡು ತಿಂದರು. ಹಿಟ್ಟಿಗಾಗಿ ರಾತ್ರಿ ಹೊತ್ತು ಪಣಜಿ ಕೋಟೆ ಮೇಲೆ ದಾಳಿ ಮಾಡಿದರು. ಆ ಮೂರು ತಿಂಗಳು ಅವರು ಬದುಕಿದ್ದೇ ಹೆಚ್ಚು. ನವೆಂಬರ್ 25ಕ್ಕೆ ಮತ್ತೆ ಬಂದು ಗೋವಾ ಹಿಡಿದಾಗ ಹೊನ್ನಾವರದ ನಾವಿಕ ಮುಖಂಡ ತಿಮ್ಮಯ್ಯ ಜೊತೆಗಿದ್ದ. ಗೋವಾ ಹಿಡಿಯೋಕೆ ಇದೇ ಸಮಯ ಅಂತ ಮೊದಲು ಕರೆತಂದವನೂ ಅವನೇ. ಒಡೆಯದ ಬಹಮನಿ ರಾಜ್ಯ ಇದ್ದಿದ್ದರೆ, ಕರಾವಳಿಯ ನಾವಿಕರಿಗೆ ಬೀದರಿನಿಂದ ಸಂಬಳ ಬರುತ್ತಿದ್ದರೆ, ಆ ಮಳೆಗಾಲದಲ್ಲೇ ಆಲ್ಬುಕರ್ಕ್‌ನ ಕತೆ ಮುಗಿಯುತ್ತಿತ್ತು ಅಂತ ನನಗೆ ಅನಿಸುತ್ತದೆ.

ಹಾಗಂತ ಪೋರ್ಚುಗೀಸರೇ ಇರುತ್ತಿರಲಿಲ್ಲ ಅನ್ನೋ ಹಾಗಿಲ್ಲ. ಕೊಚ್ಚಿಯಲ್ಲಿ 1503ರಿಂದಲೇ ಅವರ ಕೋಟೆ ಇತ್ತು. 1515ರಲ್ಲಿ ಹೊರ್ಮುಜ್ ಹಿಡಿದರು. ಕುದುರೆ ಹಡಗು ಹತ್ತುವ ಜಾಗವೇ ಅವರದಾದ ಮೇಲೆ, ಇಳಿಯುವ ಬಂದರು ನಮ್ಮದಾಗಿದ್ದರೂ ಬೆಲೆ ಹೇಳುವವರು ಅವರೇ. ಅದನ್ನು ತಪ್ಪಿಸಬೇಕಾದರೆ ತೋಪು ಹೊತ್ತ ದೊಡ್ಡ ಹಡಗುಗಳು ಬೇಕಿತ್ತು. ಈಜಿಪ್ಟನ್ನು ಕೈರೋದಿಂದ ಆಳುತ್ತಿದ್ದ ಮಾಮ್ಲೂಕರು ಪ್ರಯತ್ನಪಟ್ಟರು ಪಾಪ. ಕೆಂಪು ಸಮುದ್ರದ ದಡದಲ್ಲಿ ಮರವೇ ಇಲ್ಲ. ಮೆಡಿಟರೇನಿಯನ್ ಕಡೆಯಿಂದ ಮರ ತರಿಸಿ, ಒಂಟೆ ಮೇಲೆ ಸೂಯೆಜ್‌ಗೆ ಹೊರಿಸಿ, ಅಲ್ಲಿ ಹಡಗು ಕಟ್ಟಿದರು. 1508ರಲ್ಲಿ ಚೌಲ್‌ನಲ್ಲಿ ಗೆದ್ದರು, 1509ರ ಫೆಬ್ರವರಿಯಲ್ಲಿ ದೀವ್‌ನಲ್ಲಿ ಎಲ್ಲ ಕಳೆದುಕೊಂಡರು. ಮತ್ತೆ ಕಟ್ಟೋಣ ಅಂದರೆ ಮರ ತರುತ್ತಿದ್ದ ಹಡಗುಗಳನ್ನು 1510ರಲ್ಲಿ ರೋಡ್ಸ್ ದ್ವೀಪದ ನೈಟ್‌ಗಳು, ಅಂದರೆ ಕ್ರೈಸ್ತ ಯೋಧರು, ಹೊಡೆದರು. ಸಾಗವಾನಿ ಬೆಳೆಯುವುದು ನಮ್ಮ ಘಟ್ಟದಲ್ಲಿ, ತೋಪಿನ ಹಡಗಿನ ಅವಸರ ಇದ್ದದ್ದು ಕೈರೋದಲ್ಲಿ. ಇವೆರಡನ್ನೂ ಸೇರಿಸೋ ಯೋಗ್ಯತೆ ಇದ್ದ ವ್ಯಾಪಾರಿ ಮಂತ್ರಿ ಬೀದರಿನಲ್ಲಿ ಸತ್ತು ಆಗಲೇ ಮೂವತ್ತು ವರ್ಷವಾಗುತ್ತ ಬಂದಿತ್ತು. ನನಗೆ ಸಂಕಟ ಆಗೋದು ಇದೇ ಜಾಗದಲ್ಲಿ.

ಪ್ರಶ್ನೆ: ಕಲಬುರಗಿ ಕೋಟೆಯ ಬಾರಾ ಗಜ್ ತೋಪನ್ನು ಗೋವಾಕ್ಕೆ ಒಯ್ದು ಇಟ್ಟಿದ್ದರೆ? (ಕಲಬುರಗಿ)

ಅದು ಸುಮಾರು 29 ಅಡಿ ಉದ್ದ. ಅಂಥ ತೋಪು ಕೂರಿಸಿದಲ್ಲೇ ಕೂರೋಕೆ ಮಾಡಿದ್ದು. ಅದನ್ನು ಎಳೆಯೋಕೆ ಎಷ್ಟು ಎತ್ತು, ಆ ಎತ್ತುಗಳಿಗೆ ದಾರಿಯುದ್ದಕ್ಕೂ ಎಷ್ಟು ಮೇವು, ಘಟ್ಟದ ಇಳಿಜಾರಿನಲ್ಲಿ ತಡೆಯೋರು ಯಾರು? ನದಿಯ ಅಳಿವೆ ಕಾಯೋಕೆ ಬೇಗ ತಿರುಗಿಸುವಂಥ ಸಣ್ಣ ತೋಪುಗಳೇ ಸರಿ.

ಪ್ರಶ್ನೆ: 1942ರಲ್ಲಿ ಜಪಾನಿನವರು ಸಿಲೋನ್ ಹಿಡಿದಿದ್ದರೆ ಯುದ್ಧವೇ ತಿರುಗುತ್ತಿತ್ತು ಅಂತ ಗೆಳೆಯರು ವಾದ ಮಾಡುತ್ತಾರೆ. ನಿಮ್ಮ ಅಭಿಪ್ರಾಯ? (ಕಲಬುರಗಿ)

ಹಿಡಿಯೋದು ಸಾಧ್ಯವಿತ್ತು. ಏಪ್ರಿಲ್ 5ಕ್ಕೆ ಕೊಲಂಬೊ, 9ಕ್ಕೆ ಟ್ರಿಂಕೋಮಲಿ ಮೇಲೆ ಬಾಂಬ್ ಬಿತ್ತು. ಬ್ರಿಟಿಷರ ವಿಮಾನವಾಹಕ ಹರ್ಮಿಸ್ ಮುಳುಗಿತು. ವಿಶಾಖಪಟ್ಟಣ, ಕಾಕಿನಾಡದ ಮೇಲೂ ದಾಳಿಯಾಯಿತು. ಮದ್ರಾಸಿನಿಂದ ಸರ್ಕಾರಿ ಕಚೇರಿಗಳೇ ಜಾಗ ಖಾಲಿ ಮಾಡಿದವು. ಆದರೆ ಜಪಾನಿನ ನೌಕಾಪಡೆ ಕೇಳಿದ ಸೈನ್ಯವನ್ನು ಅವರ ಭೂಸೇನೆ ಕೊಡಲಿಲ್ಲ. ಕೊಟ್ಟಿದ್ದರೂ ಅಷ್ಟು ದೂರದ ದ್ವೀಪಕ್ಕೆ ಅಕ್ಕಿ, ಎಣ್ಣೆ, ಮದ್ದುಗುಂಡು ಸಾಗಿಸೋ ಸರಕು ಹಡಗು ಅವರ ಹತ್ತಿರ ಸಾಲದು.

ನಿಮ್ಮ ಗೆಳೆಯರು ನಕ್ಷೆಯಲ್ಲಿ ಬೆರಳಿಡಬೇಕಾದದ್ದು ಮಡಗಾಸ್ಕರ್ ಮೇಲೆ. ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಸೈನ್ಯಕ್ಕೆ ಟ್ಯಾಂಕು, ಗುಂಡು ಬರುತ್ತಿದ್ದದ್ದು ಆಫ್ರಿಕಾವನ್ನು ಪೂರ್ತಿ ಸುತ್ತಿಕೊಂಡು. ಅಮೆರಿಕದವರು ಕಳಿಸಿದ ಶರ್ಮನ್ ಟ್ಯಾಂಕುಗಳೂ ಆ ವರ್ಷ ಸೂಯೆಜ್‌ಗೆ ಅದೇ ದಾರಿಯಲ್ಲಿ ಬಂದವು. ಮಡಗಾಸ್ಕರ್ ಆ ದಾರಿಯ ಪಕ್ಕದಲ್ಲೇ ಇದೆ. ಅದಕ್ಕೇ ಬ್ರಿಟಿಷರು ಮೇ ತಿಂಗಳಲ್ಲಿ ಓಡಿಹೋಗಿ ಅಲ್ಲಿನ ಡಿಯಾಗೊ ಸುವಾರೆಜ್ ಬಂದರನ್ನು ಹಿಡಿದರು. ಆಮೇಲೂ ಜಪಾನಿನ ಕೆಲವೇ ಸಬ್‌ಮರೀನ್‌ಗಳು ಜೂನ್, ಜುಲೈನಲ್ಲಿ ಮಡಗಾಸ್ಕರ್ ಮತ್ತು ಆಫ್ರಿಕಾದ ನಡುವಿನ ಮೊಜಾಂಬಿಕ್ ಕಡಲಿನಲ್ಲಿ ಇಪ್ಪತ್ತಕ್ಕೂ ಜಾಸ್ತಿ ಹಡಗು ಮುಳುಗಿಸಿದವು. ಅವಕ್ಕೆ ಅಲ್ಲೇ ಒಂದು ಬಂದರು ಸಿಕ್ಕಿದ್ದರೆ ಈಜಿಪ್ಟಿನಲ್ಲಿ ಬ್ರಿಟಿಷರು ಜರ್ಮನ್ನರನ್ನು ಸೋಲಿಸಿದ ಎಲ್ ಅಲಮೇನ್ ಯುದ್ಧ ಬೇರೆ ಥರ ಆಗಬಹುದಿತ್ತು. ಇದನ್ನು ನಾನು ಗಂಭೀರವಾಗಿ ನಂಬುತ್ತೇನೆ.

ಇನ್ನೊಂದು ಮಾತು. ಜಪಾನಿನವರು ಬಂದಿಳಿಯದೇ ಇದ್ದರೂ ಆ ವರ್ಷ ನಮ್ಮ ಸರಬರಾಜು ಕಡಿದೇ ಹೋಗಿತ್ತು. ರಂಗೂನ್ ಬಿದ್ದ ಮೇಲೆ ಬರ್ಮಾ ಅಕ್ಕಿ ನಿಂತಿತು. ಶತ್ರುವಿಗೆ ಸಿಗಬಾರದು ಅಂತ ಬಂಗಾಳದ ಕರಾವಳಿಯ ದೋಣಿಗಳನ್ನು ಸರ್ಕಾರವೇ ಕಿತ್ತುಕೊಂಡಿತು, ಒಡೆಸಿತು. ಮೀನುಗಾರರ ಬದುಕೂ ಹೋಯಿತು, ಭತ್ತ ಸಾಗಿಸೋ ದಾರಿಯೂ ಹೋಯಿತು. 1943ರ ಬರಗಾಲಕ್ಕೆ ಕಾರಣ ಹಲವು, ಅದರಲ್ಲಿ ಇದೂ ಒಂದು. ಸತ್ತವರು 20ರಿಂದ 30 ಲಕ್ಷ. ಪೂರ್ವ ಕರಾವಳಿಯ ಬಂದರುಗಳು ಮುಚ್ಚಿ, ಸರಕೆಲ್ಲ ಬೊಂಬಾಯಿ ಕಡೆ ತಿರುಗಿ ರೈಲಿನ ಮೇಲೆ ಬಿತ್ತು. ಕಲಬುರಗಿ, ವಾಡಿ, ಯಾದಗಿರಿ ಮೇಲೆ ಹೋಗೋ ಬೊಂಬಾಯಿ–ಮದ್ರಾಸ್ ಹಳಿಯೂ ಆಗ ಯುದ್ಧದ ದಾರಿಯೇ. ನಿಮ್ಮ ವಾದದಲ್ಲಿ ಆ ದೋಣಿಗಳಿಗೂ ಜಾಗ ಕೊಡಿ. ದೋಣಿ ಒಡೆಯದೇ ಇದ್ದಿದ್ದರೆ ಎಷ್ಟು ಜನ ಉಳಿಯುತ್ತಿದ್ದರು ಅನ್ನೋದೂ ಇತಿಹಾಸದ ದೊಡ್ಡ 'ಆಗಿದ್ದರೆ'ಯೇ.

ಪ್ರಶ್ನೆ: ಹೈದರಾಬಾದ್ ನಿಜಾಮರು ಬ್ರಿಟಿಷರಿಗೆ ಯುದ್ಧ ಹಡಗು ಕೊಟ್ಟಿದ್ದರು ಅಂತ ನಮ್ಮಜ್ಜ ಹೇಳುತ್ತಿದ್ದರು. ನಿಜವಾ? ಅದರ ಮೇಲೆ ಕತೆ ಬರೆಯಬೇಕು ಅಂತಿದ್ದೇನೆ. (ಯಾದಗಿರಿ)

ನಿಜ. ಹೆಸರೇ 'ನಿಜಾಮ್'. ಸ್ಕಾಟ್ಲೆಂಡಿನಲ್ಲಿ ಕಟ್ಟಿದ ಡಿಸ್ಟ್ರಾಯರ್, 1941ರ ಜನವರಿಯಲ್ಲಿ ಸೇವೆಗೆ ಬಂತು. ಹಣ ನಿಜಾಮರದ್ದು, ನಡೆಸಿದವರು ಆಸ್ಟ್ರೇಲಿಯಾದ ನಾವಿಕರು. ಆಗ ಯಾದಗಿರಿಯೂ ನಿಜಾಮರ ರಾಜ್ಯದಲ್ಲೇ ಇತ್ತು, ಹಾಗಾಗಿ ಆ ಹಣದಲ್ಲಿ ನಿಮ್ಮೂರಿನ ಬೆವರೂ ಇದೆ. ಗ್ರೀಸಿನ ಕ್ರೀಟ್ ದ್ವೀಪದಿಂದ ಸೈನಿಕರನ್ನು ಕರೆತರೋಕೆ ಹೋಗಿತ್ತು. 1945ರಲ್ಲಿ ಜಪಾನ್ ಶರಣಾದಾಗ ಟೋಕಿಯೋ ಕೊಲ್ಲಿಯಲ್ಲೂ ಇತ್ತು.

ಕತೆಗೆ ನಾನು ಹೇಳೋದು ಲಿಬಿಯಾದ ಟೊಬ್ರುಕ್ ಬಂದರು. 1941ರಲ್ಲಿ ಜರ್ಮನ್ ಸೇನಾಪತಿ ರೊಮೆಲ್ ಆ ಬಂದರನ್ನು ಮುತ್ತಿದ್ದಾಗ ಹಗಲು ಹೋದರೆ ವಿಮಾನದ ಕಾಟ. ಅದಕ್ಕೆ ಇಂಥ ಹಡಗುಗಳು ಕತ್ತಲಲ್ಲಿ ಒಳಗೆ ನುಗ್ಗಿ, ಗುಂಡು, ಊಟ, ಹೊಸ ಸೈನಿಕರನ್ನು ಇಳಿಸಿ, ಗಾಯಗೊಂಡವರನ್ನು ಹತ್ತಿಸಿಕೊಂಡು ಬೆಳಗಾಗೋದರೊಳಗೆ ದೂರ ಹೋಗಬೇಕಿತ್ತು. ಒಂದು ರಾತ್ರಿ ಹಡಗು ತಡವಾಯಿತು ಅಂತ ಶುರು ಮಾಡಿ. ಏನನ್ನು ಮೊದಲು ಇಳಿಸುತ್ತಾರೆ, ಯಾರನ್ನು ಬಿಟ್ಟು ಬರುತ್ತಾರೆ? ಬರೆದು ನಮಗೆ ಕಳಿಸಿ, ಖಂಡಿತ ಓದುತ್ತೇವೆ.