ಬೀಜದಿಂದ ಬೆಳೆಸಿದ ಕಾರ್ಪೆಟ್ ಗಿಡಕ್ಕೆ ಯಾವಾಗ ನೀರು ತುಂಬಬೇಕು?

ತುಂಬಬೇಡಿ. ಅಕ್ವೇರಿಯಂ ತಳದಲ್ಲಿ ಹಾಸಿನಂತೆ ಹರಡಲೆಂದು ಕಾರ್ಪೆಟ್ ಗಿಡದ ಬೀಜವನ್ನು ಒದ್ದೆ ಮಣ್ಣಿಗೆ ಚೆಲ್ಲಿದ್ದೀರಿ. ನೀರು ತುಂಬಲು ಎಷ್ಟು ವಾರ ಕಾಯಬೇಕು, ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಕೊಡುವ ಸಿಲಿಂಡರ್ ಈಗಲೇ ಕೊಳ್ಳಬೇಕೇ ಎಂದು ನೀವು ಕೇಳಿದ್ದೀರಿ. ಆದರೆ ಆನ್‌ಲೈನ್‌ನಲ್ಲಿ ತರಿಸಿದ ಬೀಜ ಚೆಲ್ಲಿದ ಕೆಲವೇ ದಿನಗಳಲ್ಲಿ ತೊಟ್ಟಿಯ ತಳವೆಲ್ಲ ಹಸಿರಾಯಿತು ಎಂಬ ಸಾಲು ಓದಿದಾಗಲೇ ಮುಂದಿನ ಕಥೆ ನನಗೆ ಗೊತ್ತಾಗಿ ಹೋಯಿತು. ಆ ಹಸಿರನ್ನು ನಾನೂ ನೋಡಿದ್ದೇನೆ.

ನಾನು ಕೋಲಾರದವನು. ವೇಮಗಲ್ ಕಡೆ ನಮ್ಮದೊಂದು ತರಕಾರಿ ಸಸಿಗಳ ನರ್ಸರಿ ಇದೆ. ಪ್ರೋಟ್ರೇ ಎಂಬ ಗುಳಿ ತಟ್ಟೆಯಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ, ಗುಳಿಗೊಂದು ಬೀಜವಿಟ್ಟು, ಮೂರು ನಾಲ್ಕು ವಾರ ಸಾಕಿ ರೈತರಿಗೆ ಕೊಡುವುದು ನಮ್ಮ ಕೆಲಸ. ಹೆಚ್ಚಿನ ಪಾಲು ಟೊಮೆಟೊ. ಜೊತೆಗೆ ಕ್ಯಾಪ್ಸಿಕಂ, ಹೂಕೋಸು, ದಸರೆಯ ಲೆಕ್ಕಕ್ಕೆ ಚೆಂಡುಹೂ. ಬೀಜದ ವಿಚಾರದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಭ್ರಮೆ ಇತ್ತು. ನಾನು ಕೆಟ್ಟದ್ದೇ ಆ ಭ್ರಮೆಯಿಂದ.

ಟೊಮೆಟೊ ಬೀಜದ ಪೊಟ್ಟಣ ಕೈಗೆ ಬಂದರೆ ನಾವು ಮೊದಲು ತಿರುಗಿಸಿ ಹಿಂಬದಿ ನೋಡುತ್ತೇವೆ. ತಳಿಯ ಹೆಸರು, ಲಾಟ್ ಸಂಖ್ಯೆ, ಮೊಳಕೆ ಪ್ರಮಾಣ, ಪರೀಕ್ಷೆ ಮಾಡಿದ ದಿನಾಂಕ ಇಲ್ಲದಿದ್ದರೆ ಮುಟ್ಟುವುದಿಲ್ಲ. 1966ರ ಬೀಜ ಕಾಯ್ದೆ ಬಂದ ಮೇಲೆ ಪೊಟ್ಟಣದ ಚೀಟಿ ಎಂಬುದಕ್ಕೆ ಒಂದು ಬೆಲೆ ಬಂತು. ಟೊಮೆಟೊಗೆ ನೂರಕ್ಕೆ 70ಕ್ಕಿಂತ ಕಡಿಮೆ ಮೊಳಕೆ ಇದ್ದರೆ ಆ ಬೀಜ ಬೀಜವೇ ಅಲ್ಲ. ಇಷ್ಟೆಲ್ಲ ಗೊತ್ತಿದ್ದವನು ಅಕ್ವೇರಿಯಂಗೆಂದು ಮೊಬೈಲ್ ನೋಡಿ ತರಿಸಿದ ಜಿಪ್ ಕವರಿನ ಮೇಲೆ ಒಂದೇ ಒಂದು ಅಕ್ಷರ ಇಲ್ಲದಿದ್ದರೂ ಸುಮ್ಮನಿದ್ದೆ. ಮಾರುವವರು ಹಾಕಿದ್ದ ಚಿತ್ರದಲ್ಲಿ ಕ್ಯೂಬಾ ಎಂದು ಹವ್ಯಾಸಿಗಳು ಕರೆಯುವ ಹೆಮಿಯಾಂಥಸ್ ಗಿಡ, ಹಸಿರು ರತ್ನಗಂಬಳಿ ಹಾಸಿದಂತೆ, ಮೇಲೆ ಗಾಳಿಗುಳ್ಳೆಗಳು. ನಾನು ಬಿದ್ದದ್ದು ಚಿತ್ರಕ್ಕೆ.

ಬಿತ್ತನೆ ಮಾತ್ರ ನಿಷ್ಠೆಯಿಂದ ಮಾಡಿದೆ. ಮಣ್ಣು ಸಮ ಮಾಡಿ, ಸ್ಪ್ರೇ ಬಾಟಲಿಯಿಂದ ಹದವಾಗಿ ತೇವ ಮಾಡಿ, ಬೀಜ ಉದುರಿಸಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದೆ. ಹನಿ ತಾಗಿದ ಬೀಜಗಳ ಸುತ್ತ ನೋಡುತ್ತಿದ್ದಂತೆಯೇ ಲೋಳೆ ಕಟ್ಟಿತು, ಪಾನಕಕ್ಕೆ ಹಾಕಿದ ಕಾಮಕಸ್ತೂರಿ ಬೀಜದ ಹಾಗೆ. ಅಲ್ಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಇಂಥ ಪೊಟ್ಟಣಗಳ ಬೀಜವನ್ನು ಬೆಳೆಸಿ ನೋಡಿದ ಹವ್ಯಾಸಿಗಳು ಹೆಚ್ಚಾಗಿ ಗುರುತಿಸಿರುವುದು ಹೈಗ್ರೋಫಿಲಾ ಕುಲದ ಗಿಡಗಳನ್ನು. ಆ ಕುಲದ ಬೀಜಗಳಿಗೆ ನೀರು ತಾಗಿದರೆ ಲೋಳೆಯಾಗುವ ಗುಣವಿದೆ. ಅವುಗಳಲ್ಲಿ ಕೆಲವು ನೀರಿನೊಳಗೆ ಬದುಕುತ್ತವೆ, ಆದರೆ ಕಡ್ಡಿಯಂತೆ ಮೇಲಕ್ಕೆ ಬೆಳೆಯುತ್ತವೆ, ನೆಲಕ್ಕೆ ಹಾಸುವುದಿಲ್ಲ. ಉಳಿದವು ಕೆಸರಿನ ಗಿಡಗಳು. ಬುಡಕ್ಕೆ ನೀರು ಬೇಕು, ತಲೆಗೆ ಗಾಳಿ ಬೇಕು.

ಮೊಳಕೆ ಎಷ್ಟು ಚೆನ್ನಾಗಿ ಬಂತೆಂದರೆ ಸಸಿ ಒಯ್ಯಲು ಬಂದ ರೈತರನ್ನೆಲ್ಲ ಒಳಗೆ ಕರೆದು ತೋರಿಸಿದೆ. ನಮ್ಮ ಕಸುಬಿನಲ್ಲಿ ಮೊಳಕೆ ಬಂತೆಂದರೆ ಅರ್ಧ ಬೆಳೆ ಕೈಗೆ ಬಂದ ಹಾಗೆ. ಕಾರ್ಪೆಟ್ ಬೀಜ ಮಾರುವವರು ಬದುಕಿರುವುದು ಈ ನಂಬಿಕೆಯ ಮೇಲೆಯೇ. ಮೊಳಕೆ ಬಂದ ವಾರದಲ್ಲಿ ಗಿರಾಕಿ ಖುಷಿಯಿಂದ ಐದು ನಕ್ಷತ್ರ ಕೊಟ್ಟು ಮುಗಿಸಿರುತ್ತಾನೆ. ಗಿಡ ಕೊಳೆಯುವುದು ನೀರು ತುಂಬಿದ ಮೇಲೆ. ಆ ಹೊತ್ತಿಗೆ ಹಣ ವಾಪಸ್ ಕೇಳುವ ಅವಧಿ ಮುಗಿದಿರುತ್ತದೆ.

ನೀರು ತುಂಬಿದೆ. ಒಂದೆರಡು ದಿನ ಬಿಟ್ಟು ಟಬ್ಬಿನಲ್ಲಿದ್ದ ಗಪ್ಪಿ ಮೀನುಗಳನ್ನೂ ಬಿಟ್ಟೆ. ಮೊದಲ ವಾರ ಕಣ್ಣಿಗೆ ಹಬ್ಬ. ಆಮೇಲೆ ಎಲೆಗಳು ಹಳದಿಯಾಗಿ, ಅಂಚಿನಿಂದ ಗಾಜಿನಂತೆ ಪಾರದರ್ಶಕವಾಗತೊಡಗಿದವು. ಇಲ್ಲಿ ನಾನು ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಇದನ್ನೇ ಮಾಡುವ ಸಂಭವವಿದೆ. ಮೇಲ್ನೋಟಕ್ಕೆ ಇದು ತಪ್ಪಿನಂತೆ ಕಾಣುವುದೂ ಇಲ್ಲ.

ನಾನು ಕಾಯ್ದೆ. ಅದೇ ತಪ್ಪು.

ಟ್ರೇಯಿಂದ ಕಿತ್ತು ಹೊಲಕ್ಕೆ ನಾಟಿ ಮಾಡಿದ ಟೊಮೆಟೊ ಸಸಿ ಎರಡು ಮೂರು ದಿನ ತಲೆ ಬಾಗಿಸಿ ನಿಲ್ಲುತ್ತದೆ. ಹೊಸ ರೈತರು ಗಾಬರಿಯಿಂದ ಫೋನ್ ಮಾಡುತ್ತಾರೆ. "ಸುಮ್ಮನಿರಿ ಸ್ವಾಮಿ, ಬೇರು ಹಿಡಿಯಲಿ, ಎದ್ದು ನಿಲ್ಲುತ್ತದೆ" ಎಂದು ಹೇಳಿ ಹೇಳಿ ನನ್ನ ನಾಲಿಗೆಗೆ ಅದು ಅಭ್ಯಾಸವಾಗಿದೆ. ಅಕ್ವೇರಿಯಂ ಹವ್ಯಾಸಿಗಳೂ ಅದನ್ನೇ ಹೇಳಿದರು. ಗಾಳಿಯಲ್ಲಿ ಬೆಳೆದ ಗಿಡ ನೀರಿಗೆ ಹೋದಾಗ ಹಳೆಯ ಎಲೆ ಕರಗುವುದು ಸಹಜ, ಹೊಸ ಎಲೆ ಬರುತ್ತದೆ, ತಾಳ್ಮೆ ಇರಲಿ ಎಂದರು. ಮಾತು ಸುಳ್ಳಲ್ಲ. ಕ್ಯೂಬಾ, ಮಾಂಟೆ ಕಾರ್ಲೊ, ಕ್ರಿಪ್ಟೊಕೋರಿನ್ ಎಂಬ ಅಕ್ವೇರಿಯಂ ಗಿಡಗಳಿಗೆಲ್ಲ ಅದು ಸತ್ಯ. ಆದರೆ ಆ ಮಾತು ನೀರಿನೊಳಗೆ ಬದುಕಬಲ್ಲ ಗಿಡಕ್ಕೆ ಹೇಳಿದ್ದು. ನನ್ನ ತೊಟ್ಟಿಯಲ್ಲಿದ್ದದ್ದು ಅಂಥ ಗಿಡವೇ ಎಂದು ಹೇಳಿದವರೂ ನೋಡಿರಲಿಲ್ಲ, ಕೇಳಿದ ನಾನೂ ನೋಡಿರಲಿಲ್ಲ.

ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ನೋಡುವ ಜಾಗ ಗೊತ್ತಿರಬೇಕು ಅಷ್ಟೇ. ಸಹಜವಾಗಿ ಕರಗುತ್ತಿರುವ ಗಿಡದ ಹಳೆಯ ಎಲೆ ಹೋಗುತ್ತದೆ, ಆದರೆ ಕಾಂಡ ಗಟ್ಟಿಯಾಗಿರುತ್ತದೆ, ಕುಡಿ ಹಸಿರಾಗಿರುತ್ತದೆ. ಕುಡಿಯಿಂದ ಬರುವ ಹೊಸ ಎಲೆ ಹಳೆಯದಕ್ಕಿಂತ ತೆಳುವಾಗಿ, ಅನೇಕ ಸಲ ಬೇರೆಯೇ ಆಕಾರದಲ್ಲಿರುತ್ತದೆ. ಸಾಯುತ್ತಿರುವ ಗಿಡದಲ್ಲಿ ಕೊಳೆ ಬುಡದಿಂದ ಶುರುವಾಗುತ್ತದೆ. ಕಾಂಡ ಮಣ್ಣಿನ ಮಟ್ಟದಲ್ಲಿ ಕಂದಾಗಿ, ಬೆರಳಿನಿಂದ ಹಿಸುಕಿದರೆ ಜಾರುತ್ತದೆ, ಮೇಲಿನ ಭಾಗ ಕಳಚಿಕೊಂಡು ತೇಲುತ್ತದೆ. ನರ್ಸರಿಯಲ್ಲಿ ಒಂದು ಟ್ರೇಗೆ ಬುಡಕೊಳೆ ಬಂದರೆ ದೂರದಿಂದಲೇ ಗುರುತು ಹಿಡಿಯುವವನು ನಾನು. ಮನೆಯ ತೊಟ್ಟಿಯಲ್ಲಿ ಅದೇ ಲಕ್ಷಣ ಕಣ್ಣೆದುರು ಇದ್ದರೂ, ಎದ್ದು ನಿಲ್ಲುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಗಿಡವನ್ನಾದರೂ ಕಿತ್ತು ಹಿಸುಕಿ ನೋಡಲಿಲ್ಲ. ಅಷ್ಟು ಚೆಂದ ಹಾಸಿದ್ದನ್ನು ಕೀಳಲು ಮನಸ್ಸು ಬರಲಿಲ್ಲ. ಲೈಟ್ ಜಾಸ್ತಿ ಮಾಡಿದೆ, ದ್ರವ ಗೊಬ್ಬರ ಹಾಕಿದೆ, ಕಾರ್ಬನ್ ಡೈಆಕ್ಸೈಡ್ ಬರಲೆಂದು ಸಕ್ಕರೆ ಮತ್ತು ಯೀಸ್ಟ್ ಬಾಟಲಿ ಕಟ್ಟಿದೆ. ಕೀಳುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆ.

ರಜೆಗೆ ಬಂದಿದ್ದ ಅಕ್ಕನ ಮಗಳು ಒಂದು ಬೆಳಿಗ್ಗೆ ಕೂಗಿ ಕರೆದಳು. "ಮಾವ, ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ." ಹೋಗಿ ನೋಡಿದರೆ ಕಿವಿರುಗಳು ಕೆಂಪಗೆ ಉರಿಯುತ್ತಿದ್ದವು. ಸಂಜೆಯ ಹೊತ್ತಿಗೆ ಮುಕ್ಕಾಲು ಪಾಲು ಮೀನು ಹೋಯಿತು. ಕೊನೆಗೆ ಆ ಹಾಸನ್ನು ಎಳೆದಾಗ ಬೇರು ಹೆಣೆದುಕೊಂಡು ಇಡೀ ಚಾಪೆ ಮಣ್ಣು ಸಮೇತ ಎದ್ದು ಬಂತು. ಅಡಿಯಲ್ಲಿ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಅವಳು ಆ ದಿನ ಊಟಕ್ಕೆ ನನ್ನ ಪಕ್ಕ ಕೂರಲಿಲ್ಲ.

ಕೊಳೆತ ಸೊಪ್ಪಿನಿಂದ ಅಮೋನಿಯಾ ಬಂತು. ಅದನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿರಬೇಕಿತ್ತು. ಗಿಡ ಬೆಳೆಯುವಷ್ಟು ಕಾಲ ಫಿಲ್ಟರ್ ಅಟ್ಟದ ಮೇಲೆ ಒಣಗಿ ಬಿದ್ದಿದ್ದರಿಂದ ಅವೂ ಸತ್ತಿದ್ದವು. ಇದರ ಮೇಲೆ ನಮ್ಮ ನೀರಿನ ಪಾಲೂ ಇದೆ. ಸಾವಿರ ಅಡಿ ದಾಟಿದ ಬೋರ್‌ವೆಲ್‌ನಿಂದ ಬರುವ ಗಡಸು ನೀರು. ನಮ್ಮ ಮನೆಯದು ಪಿಎಚ್ 8ರ ಆಸುಪಾಸು. 25 ಡಿಗ್ರಿ ಬಿಸಿಯಲ್ಲಿ, ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಮೀನನ್ನು ಕೊಲ್ಲುವ ರೂಪದಲ್ಲಿರುವುದು ನೂರಕ್ಕೆ ಬರೀ 0.5ರಷ್ಟು. ಪಿಎಚ್ 8 ಆದರೆ ಅದು ನೂರಕ್ಕೆ ಐದರಷ್ಟಾಗುತ್ತದೆ. ಸೆಕೆ ಹೆಚ್ಚಿದಷ್ಟೂ ಇನ್ನೂ ಏರುತ್ತದೆ. ಮೆದು ನೀರಿನ ಊರಿನವರು ತಪ್ಪಿಸಿಕೊಳ್ಳುವ ಎಡವಟ್ಟಿನಿಂದ ಕೋಲಾರ, ಚಿಕ್ಕಬಳ್ಳಾಪುರದವರು ತಪ್ಪಿಸಿಕೊಳ್ಳಲಾರರು.

ಸಿಲಿಂಡರ್ ಕೊಂಡರೆ ಈ ಗಿಡ ಉಳಿಯುತ್ತದೆಯೇ ಎಂದರೆ, ಇಲ್ಲ. ನೆಲದ ಗಿಡದ ಎಲೆಗೆ ಮೇಣದ ಹೊದಿಕೆ ಇರುತ್ತದೆ, ಉಸಿರಾಟಕ್ಕೆ ಸಣ್ಣ ರಂಧ್ರಗಳಿರುತ್ತವೆ. ನೀರಿನಲ್ಲಿ ಅನಿಲ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಸುಮಾರು ಹತ್ತು ಸಾವಿರದ ಒಂದು ಪಾಲು. ನಿಜವಾದ ಜಲಸಸ್ಯ ಇದಕ್ಕೆಂದೇ ತೆಳುವಾದ, ಮೇಣ ಕಳಚಿದ ಎಲೆ ಬಿಡುತ್ತದೆ. ಆ ವಿದ್ಯೆ ಗೊತ್ತಿಲ್ಲದ ಗಿಡಕ್ಕೆ ಎಷ್ಟು ಗುಳ್ಳೆ ಬಿಟ್ಟರೂ ಅಷ್ಟೇ.

ಅನುಮಾನವಿದ್ದರೆ ಇವತ್ತೇ ಪರೀಕ್ಷೆ ಮಾಡಿ. ನಾಲ್ಕಾರು ಗಿಡಗಳನ್ನು ಬೇರು ಸಮೇತ ಕಿತ್ತು, ಸಣ್ಣ ಕಲ್ಲಿಗೆ ದಾರದಿಂದ ಕಟ್ಟಿ, ಗಾಜಿನ ಲೋಟದ ನೀರಿನಲ್ಲಿ ಮುಳುಗಿಸಿ ಅದೇ ಲೈಟಿನ ಕೆಳಗೆ ಇಡಿ. ದಿನ ಬಿಟ್ಟು ದಿನ ನೀರು ಬದಲಿಸಿ. ಮೂರು ವಾರದಲ್ಲಿ ಕುಡಿಯಿಂದ ಹೊಸ ಎಲೆ ಬಂತೇ, ಬುಡ ಜಾರಿತೇ ಎಂಬುದು ತಿಳಿಯುತ್ತದೆ. ತೊಟ್ಟಿ ಅಷ್ಟು ದಿನ ಒದ್ದೆ ಮಣ್ಣಿನಲ್ಲೇ ಇರಲಿ. ಬುಡ ಜಾರಿದರೆ ನೀರು ತುಂಬದೆ ಹಾಗೆಯೇ ಗಾಜಿನ ತೋಟ ಮಾಡಿಕೊಳ್ಳಿ. ಅದಕ್ಕೆ ಆ ಗಿಡ ಲಾಯಕ್ಕಾಗಿದೆ, ನೋಡಲೂ ಚೆಂದ.

ಮೀನಿನ ಕೆಳಗೆ ಹಾಸು ಬೇಕೇ ಬೇಕು ಎಂದರೆ ಬೀಜದ ಆಸೆ ಬಿಡಿ. ಕಾರ್ಪೆಟ್ ಗಿಡಗಳ ವ್ಯಾಪಾರ ನಡೆಯುವುದು ಬಳ್ಳಿಯ ತುಂಡಿನಿಂದ, ಇಲ್ಲವೇ ಅಂಗಾಂಶ ಕೃಷಿಯ ಕಪ್‌ನಿಂದ, ಅಂದರೆ ಪ್ರಯೋಗಾಲಯದಲ್ಲಿ ಅಂಟಿನ ಮೇಲೆ ಬೆಳೆಸಿದ ಸಸಿಗಳ ಡಬ್ಬಿಯಿಂದ. ಬೀಜ ಮಾರುವವರು ಇಟ್ಟುಕೊಳ್ಳುವ ಹೆಸರುಗಳಲ್ಲಿ ಮಾರ್ಸಿಲಿಯಾ ಕೂಡ ಇದ್ದರೆ ನಗಬಹುದು. ಅದು ಜರೀಗಿಡದ ಬಳಗ, ಅದಕ್ಕೆ ಬೀಜವೇ ಇಲ್ಲ. ಹಾಗೆ ನೋಡಿದರೆ ನಮ್ಮ ಕಡೆಯವರಿಗೆ ನಾನು ಹೇಳುವುದು ಆ ಮಾರ್ಸಿಲಿಯಾವನ್ನೇ. ಕೆರೆಯಂಚಿನ ಕೆಸರಿನಲ್ಲಿ, ಗದ್ದೆಯ ಬದುವಿನಲ್ಲಿ ನಾಲ್ಕು ಎಲೆ ಕೂಡಿಸಿಕೊಂಡು ಹರಡುವ ಗಿಡ ಅದು. ನಿಧಾನ, ಆದರೆ ಹಟಮಾರಿ, ಸಿಲಿಂಡರ್ ಕೇಳುವುದಿಲ್ಲ. ಕೆ.ಸಿ. ವ್ಯಾಲಿ ನೀರು ಹರಿಯುವ ಕೆರೆಗಳಿಂದ ಮಾತ್ರ ತರಬೇಡಿ. ಅದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ನನ್ನ ಮೀನಿಗೆ ನಾನು ಅದನ್ನು ನಂಬುವುದಿಲ್ಲ. ಬೇರೆಲ್ಲಿಂದ ತಂದರೂ ಬಸವನಹುಳು ಬರುತ್ತದೆ, ಕೆಲವು ವಾರ ಬೇರೆ ಬಕೆಟ್ಟಿನಲ್ಲಿಟ್ಟು ಆಮೇಲೆ ನೆಡಿ.

ಆ ಚಿತ್ರದಂಥದ್ದೇ ಬೇಕೆಂದರೆ ಮಾಂಟೆ ಕಾರ್ಲೊ ತೆಗೆದುಕೊಳ್ಳಿ. ಕ್ಯೂಬಾಗಿಂತ ಒಂದಿಷ್ಟು ಒರಟು ಗಿಡ, ನಮ್ಮ ಸೆಕೆಯನ್ನು ಅದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಕಪ್‌ನಲ್ಲಿರುವ ಅಂಟನ್ನು ನಲ್ಲಿಯ ಕೆಳಗೆ ಪೂರ್ತಿ ತೊಳೆದು, ಉಗುರಿನಷ್ಟು ತುಂಡು ಮಾಡಿ, ಎರಡು ಮೂರು ಸೆಂಟಿಮೀಟರ್ ಅಂತರದಲ್ಲಿ ಚಿಮಟದಿಂದ ನೆಡಿ. ಈಗ ನೀವು ಬೀಜಕ್ಕೆ ಮಾಡಿರುವ ಒದ್ದೆ ಮಣ್ಣಿನ ವ್ಯವಸ್ಥೆಯಲ್ಲೇ ಇದನ್ನೂ ಬೆಳೆಸಬಹುದು. ದಿನಕ್ಕೊಮ್ಮೆ ಹಾಳೆ ತೆಗೆದು ಗಾಳಿಯಾಡಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಐದಾರು ವಾರಕ್ಕೆ ಹಾಸು ಕೂಡುತ್ತದೆ. ಈ ಗಿಡಕ್ಕಾದರೆ ನಿಮ್ಮ ಸಿಲಿಂಡರ್ ಪ್ರಶ್ನೆಗೆ ಅರ್ಥವಿದೆ, ಕೊಳ್ಳಿ. ಸಕ್ಕರೆ ಮತ್ತು ಯೀಸ್ಟಿನ ಬಾಟಲಿ ಬೇಸಿಗೆಯಲ್ಲಿ ಭೋರೆಂದು ಉಕ್ಕಿ ಬೇಗನೆ ತಣ್ಣಗಾಗುತ್ತದೆ, ಅದನ್ನು ನೆಚ್ಚಿಕೊಂಡು ಹಾಸು ಬೆಳೆಯಲಾಗದು. ಇನ್ನು ಮಣ್ಣಿಗೆ ಕೋಕೋಪೀಟ್ ಬೆರೆಸುವ ಯೋಚನೆ ಇದ್ದರೆ ಬಿಡಿ. ತೇಲುತ್ತದೆ, ನೀರನ್ನು ಟೀ ಬಣ್ಣಕ್ಕೆ ತಿರುಗಿಸುತ್ತದೆ. ನರ್ಸರಿಯವನಾದ ನನಗೆ ಅದು ಪುಕ್ಕಟೆ ಸಿಗುತ್ತದೆ, ಆದರೂ ತೊಟ್ಟಿಯ ಹತ್ತಿರ ತರುವುದಿಲ್ಲ.

ಒಂದು ಮಾತು ಬಿಟ್ಟೆ. ಮೀನುಗಳನ್ನು ಸದ್ಯಕ್ಕೆ ಬಕೆಟ್ಟಿಗೆ ಹಾಕಿದ್ದೇನೆ ಎಂದು ಬರೆದಿದ್ದೀರಿ, ಫಿಲ್ಟರ್ ಎಲ್ಲಿದೆ ಎಂದು ಬರೆದಿಲ್ಲ. ಅದು ಒಣಗಲು ಬಿಟ್ಟಿದ್ದರೆ ಈಗಲೇ ಬಕೆಟ್ಟಿಗೆ ಇಳಿಸಿ ಓಡಿಸಿ. ಸ್ಪಂಜನ್ನು ನಲ್ಲಿಯ ನೀರಿನಲ್ಲಿ ತಿಕ್ಕಿ ತೊಳೆಯಬೇಡಿ, ಅದೇ ಬಕೆಟ್ಟಿನ ನೀರಿನಲ್ಲಿ ಒಮ್ಮೆ ಹಿಂಡಿದರೆ ಸಾಕು. ಮೇವು ಅರ್ಧ ಮಾಡಿ.