ಊರಲ್ಲಿ ಮಳೆ, ಡ್ಯಾಂ ಖಾಲಿ: ಇದೇನು ಕಥೆ?

ಹುಬ್ಬಳ್ಳಿಯ ಓದುಗರೊಬ್ಬರು ಸಿಟ್ಟಿನಿಂದಲೇ ಬರೆದಿದ್ದಾರೆ: ‘ವಾರದಿಂದ ಊರಲ್ಲಿ ಒಂದೇ ಸಮ ಮಳೆ. ಆದರೂ ಸವದತ್ತಿ ಡ್ಯಾಂ ತುಂಬಿಲ್ಲ ಅಂತಾರೆ. ನಂಬೋದು ಹೇಗೆ? ಇನ್ನೊಂದು ಮಾತು, ಅಷ್ಟು ದೊಡ್ಡ ಹಿನ್ನೀರಿನಲ್ಲಿ ಬೋಟ್ ಬಿಟ್ಟರೆ ಜನರಿಗೂ ಖುಷಿ, ಸರ್ಕಾರಕ್ಕೂ ಆದಾಯ ಅಲ್ವಾ?’

ಸಂಪಾದಕರ ಉತ್ತರ:

ನಂಬಿ ಸರ್. ನಿಮ್ಮ ಅಂಗಳದಲ್ಲಿ ಬಿದ್ದ ಮಳೆ ಆ ಡ್ಯಾಂ ಕಡೆ ಹೋಗುವುದೇ ಇಲ್ಲ. ಹುಬ್ಬಳ್ಳಿ-ಧಾರವಾಡ ಕೂತಿರುವುದು ನೀರು ಇಬ್ಭಾಗವಾಗುವ ಏರಿನ ಮೇಲೆ. ಪಶ್ಚಿಮಕ್ಕೆ ಇಳಿದ ನೀರು ಬೇಡ್ತಿ ಹಳ್ಳ ಸೇರಿ, ಮುಂದೆ ಗಂಗಾವಳಿಯಾಗಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಕಲಘಟಗಿ ಕಡೆಯ ನೀರಸಾಗರ ಕೆರೆ ಹಿಡಿಯುವುದು ಈ ನೀರನ್ನು. ಪೂರ್ವಕ್ಕೆ ಇಳಿದದ್ದು ಬೆಣ್ಣಿಹಳ್ಳದ ಪಾಲು. ಬೆಣ್ಣಿಹಳ್ಳ ಸೇರುವುದು ಸವದತ್ತಿ ಡ್ಯಾಂ ಇರುವ ಮಲಪ್ರಭಾ ನದಿಯನ್ನೇ, ನಿಜ. ಆದರೆ ಡ್ಯಾಂ ದಾಟಿದ ಮೇಲೆ, ಕೆಳಗೆ ರೋಣದ ಕಡೆ!

ಹಾಗಾದರೆ ಡ್ಯಾಂ ತುಂಬಿಸುವವರು ಯಾರು? ಖಾನಾಪುರ ತಾಲ್ಲೂಕಿನ ಕಣಕುಂಬಿ. ಮಲಪ್ರಭೆ ಹುಟ್ಟುವುದು ಅಲ್ಲಿ, ಸಹ್ಯಾದ್ರಿಯ ದಟ್ಟ ಕಾಡಿನಲ್ಲಿ. ವರ್ಷಕ್ಕೆ 3000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಜಾಗ. ಪೂರ್ವಕ್ಕೆ ಬಂದಂತೆ ಮಳೆ ಇಳಿಯುತ್ತಾ ಹೋಗಿ, ಸವದತ್ತಿ ಹೊತ್ತಿಗೆ ಪಕ್ಕಾ ಬಯಲುಸೀಮೆ. ನವಿಲುತೀರ್ಥದ ಗುಡ್ಡಗಳ ಸಂದಿಯಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದ ಈ ಡ್ಯಾಂನ ರೇಣುಕಾ ಸಾಗರ ಜಲಾಶಯದಲ್ಲಿ 37.73 ಟಿಎಂಸಿ ನೀರು ಹಿಡಿಯುತ್ತದೆ. ಒಂದು ಟಿಎಂಸಿ ಅಂದರೆ ಸುಮಾರು 2830 ಕೋಟಿ ಲೀಟರ್. ಕೇಳಲು ಭಾರೀ. ಆದರೆ ನರಗುಂದ, ನವಲಗುಂದದ ಕಾಲುವೆಗಳೂ ಇದನ್ನೇ ನಂಬಿವೆ. ಅಮ್ಮಿನಭಾವಿಯಲ್ಲಿ ಶುದ್ಧವಾಗಿ ನಿಮ್ಮ ನಳಕ್ಕೆ ಬರುವುದೂ ಇದೇ ನೀರು. ಜುಲೈ, ಆಗಸ್ಟ್‌ನಲ್ಲಿ ಕಣಕುಂಬಿ ಕೈಕೊಟ್ಟರೆ ಹುಬ್ಬಳ್ಳಿಯ ಗುಡುಗು ಸುಮ್ನೆ ಸದ್ದಷ್ಟೇ. ಹಾಗಾಗಿ ಪೇಪರಿನಲ್ಲಿ ನಿಮ್ಮೂರ ಮಳೆ ನೋಡಬೇಡಿ, ಖಾನಾಪುರದ್ದು ನೋಡಿ. ಡ್ಯಾಂನ ಒಳಹರಿವು ನೋಡಿ. ಮಟ್ಟ 2079.50 ಅಡಿ ಮುಟ್ಟಿದರೆ ಡ್ಯಾಂ ಭರ್ತಿ.

ಅತಿಯಾದರೂ ಕಷ್ಟವೇ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರು ಕಡೆ ಏನಾಯಿತೆಂದು ಗದಗ ಜಿಲ್ಲೆಯವರನ್ನು ಕೇಳಿ.

ಇನ್ನು ಬೋಟ್. ನನಗಂತೂ ಅಷ್ಟು ಉತ್ಸಾಹವಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದು ಎಲ್ಲಿ ನೋಡಿದರೂ ಕೆಸರು. ಮಳೆಗಾಲದಲ್ಲಿ ಕಟ್ಟಿದ ಜೆಟ್ಟಿ ಏಪ್ರಿಲ್‌ನಲ್ಲಿ ಒಣನೆಲದ ಮೇಲೆ ನಿಂತಿರುತ್ತದೆ. ಮೇಲಾಗಿ ಇದು ಕುಡಿಯುವ ನೀರು. ಡೀಸೆಲ್ ಬೋಟಿನ ಎಣ್ಣೆ ಅದರಲ್ಲಿ ಯಾಕೆ ಬೇಕು? ಎಲ್ಲಮ್ಮನ ಗುಡ್ಡಕ್ಕೆ ಹೋದವರು ಡ್ಯಾಂ ನೋಡಿಕೊಂಡು ಬರಲಿ, ಅಷ್ಟು ಸಾಕು. ನೀರಾಟವೇ ಬೇಕೆಂದರೆ ಗಣೇಶಗುಡಿಗೆ ಹೋಗಿ. ಅಲ್ಲಿನ ಸೂಪಾ ಡ್ಯಾಂ ಕಟ್ಟಿದ್ದು ವಿದ್ಯುತ್ತಿಗೆ. ಅಲ್ಲಿಂದ ನೀರು ಬಿಟ್ಟಾಗ ಕಾಳಿ ನದಿಯಲ್ಲಿ ರಾಫ್ಟಿಂಗ್ ನಡೆಯುತ್ತದೆ. ಹೊರಡುವ ಮುನ್ನ ಫೋನ್ ಮಾಡಿ ಕೇಳಿಕೊಳ್ಳಿ. ನೀರು ಬಿಡದ ದಿನ ರಾಫ್ಟ್ ಇಳಿಯುವುದಿಲ್ಲ.