ಸರ್ವರ್ ಪಂಚಾಯ್ತಿ: ಚಟ್ನಿ ಹಾಕಿಯೇ ಕೊಡಬೇಕಾ, ಕೇಳಿ ಕೊಡಬೇಕಾ?

ಈ ಸಲ ಮೂರು ಪತ್ರ ತೆಗೆದುಕೊಂಡಿದ್ದೇನೆ. ಮೂರೂ ಒಂದೇ ತಲೆನೋವಿನವು: ಒಂದು ಪ್ಯಾಕೇಜ್ ಹಾಕಿದರೆ ಅದರ ಬೆನ್ನಿಗೆ ಬೇರೆ ಯಾವುದೆಲ್ಲ ತಾನಾಗೇ ಬರಬೇಕು? ಎಂದಿನಂತೆ ಕಮಾಂಡ್‌ಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಹೋದ ಸಲ ಒಬ್ಬರು ಕನ್ನಡದಲ್ಲೇ ಹೊಡೆದು, ‘ನಿಮ್ಮ ಕಮಾಂಡ್ ಕೆಲಸ ಮಾಡ್ತಿಲ್ಲ ಮೇಡಂ’ ಎಂದು ಬರೆದಿದ್ದರು.

ಪ್ರಶ್ನೆ: ಮೇಡಂ, ನಾವು ನಾಲ್ಕು ಜನ ಗೆಳೆಯರು ಸೇರಿ ಟೊಮೆಟೊ ಮಂಡಿಗಳಿಗೆ ಒಂದು ಸಾಫ್ಟ್‌ವೇರ್ ಮಾಡಿದ್ದೇವೆ. ರೈತನ ಹೆಸರು, ಎಷ್ಟು ಬಾಕ್ಸ್, ಹರಾಜಿನಲ್ಲಿ ಏನು ರೇಟು, ಹಮಾಲಿ ಕಳೆದು ಕೈಗೆಷ್ಟು, ಎಲ್ಲ ಲೆಕ್ಕ ಹಾಕಿ ಕನ್ನಡದಲ್ಲಿ ಪಟ್ಟಿ ಕೊಡುತ್ತದೆ. ಮಂಡಿಯಲ್ಲೇ ಒಂದು ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಸರ್ವರ್ ಇಟ್ಟು, ಅದಕ್ಕೆ ಹಾಕಲು ಬರುವ ಡೆಬ್ ಪ್ಯಾಕೇಜ್ ಆಗಿ ಕಟ್ಟಿ ಹಾಕುತ್ತೇವೆ. ಡೇಟಾಬೇಸ್‌ಗೆ ಪೋಸ್ಟ್‌ಗ್ರೆಸ್, ವೆಬ್ ಸರ್ವರ್ ಆಗಿ ಎಂಜಿನ್‌ಎಕ್ಸ್, ಪ್ರಿಂಟರ್‌ಗೆ ಕಪ್ಸ್, ಎಸ್ಸೆಮ್ಮೆಸ್‌ಗೆ ಗಮ್ಮು, ರಾತ್ರಿ ವರದಿಗೆ ಮೇಲ್ ಸರ್ವರ್ ಎಲ್ಲವನ್ನೂ ಪ್ಯಾಕೇಜ್‌ನ ಡಿಪೆಂಡ್ಸ್ ಸಾಲಿಗೆ ಹಾಕಿಬಿಟ್ಟಿದ್ದೆವು. ಒಂದು ಮಂಡಿಯಲ್ಲಿ ಆಗಲೇ ಅಪಾಚೆ ಎಂಬ ಇನ್ನೊಂದು ವೆಬ್ ಸರ್ವರ್ ಓಡುತ್ತಿತ್ತು. ನಮ್ಮ ಪ್ಯಾಕೇಜ್ ಎಂಜಿನ್‌ಎಕ್ಸ್ ತಂದು ಎರಡಕ್ಕೂ ಜಗಳ ಹತ್ತಿತು. ಸಿಟ್ಟಿಗೆ ಎಲ್ಲವನ್ನೂ ಸಜೆಸ್ಟ್ಸ್‌ಗೆ ತಳ್ಳಿದೆವು. ಈಗ ಹೊಸ ಮಂಡಿಯಲ್ಲಿ ಏನೂ ಬರುತ್ತಿಲ್ಲ. ಯಾವುದನ್ನು ಎಲ್ಲಿ ಇಡಬೇಕು?
— ಹೆಸರು ಬೇಡ ಎಂದವರು, ಕೋಲಾರ

ಉತ್ತರ: ಮೊದಲು ಎಲ್ಲ ಒಳಗೆ, ಆಮೇಲೆ ಎಲ್ಲ ಹೊರಗೆ! ಹೆಚ್ಚಿನವರು ಹೀಗೇ ಮಾಡುತ್ತಾರೆ, ಬೇಜಾರು ಬೇಡ.

ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ಕೇಳಿ. ಇಡ್ಲಿ ಇಡೋಕೆ ತಟ್ಟೆಯೋ ಎಲೆಯೋ ಬೇಕೇ ಬೇಕು. ಅದು ಡಿಪೆಂಡ್ಸ್. ಚಟ್ನಿ ಬೇಕಾ ಎಂದು ಯಾರೂ ಕೇಳುವುದಿಲ್ಲ, ಹಾಕಿಯೇ ಕೊಡುತ್ತಾರೆ. ಬೇಡದವರು ಬಾಯಿಬಿಟ್ಟು ಹೇಳಬೇಕು. ಅದು ರೆಕಮೆಂಡ್ಸ್. ವಡೆ ಬೇಕಾ ಎಂದು ಮಾತ್ರ ಕೇಳುತ್ತಾರೆ. ಅದು ಸಜೆಸ್ಟ್ಸ್. ಡೆಬಿಯನ್ ನಿಯಮಾವಳಿ ಹೇಳುವುದೂ ಇಷ್ಟೇ: ಅಪರೂಪದ ಕಡೆ ಬಿಟ್ಟು ಉಳಿದೆಲ್ಲ ಕಡೆ ಜೊತೆಯಲ್ಲೇ ಇರುವಂಥದ್ದು ರೆಕಮೆಂಡ್ಸ್.

ಒಂದು ವಿಷಯ ಮರೆಯಬೇಡಿ. 2009ರಲ್ಲಿ ಬಂದ ಡೆಬಿಯನ್ 5.0ರಿಂದ, ಅದೇ ಲೆನ್ನಿ, ಪ್ಯಾಕೇಜ್ ಹಾಕುವ ಪ್ರೋಗ್ರಾಂ ಆಪ್ಟ್ ರೆಕಮೆಂಡ್ಸ್‌ನಲ್ಲಿ ಇರುವುದನ್ನೆಲ್ಲ ತಾನಾಗೇ ತರುತ್ತದೆ. ಹೆಸರು ಶಿಫಾರಸು ಅಂತಿದ್ದರೂ, ಕಂಟ್ರೋಲ್ ಫೈಲ್‌ನ (ಈ ಮೂರೂ ಸಾಲು ಇರುವುದು ಪ್ಯಾಕೇಜ್‌ನ ಈ ಫೈಲ್‌ನಲ್ಲೇ) ಆ ಸಾಲಿನಲ್ಲಿ ನೀವು ಬರೆದದ್ದು ಹತ್ತರಲ್ಲಿ ಒಂಬತ್ತು ಮೆಷಿನ್‌ಗೆ ಇಳಿದೇ ಇಳಿಯುತ್ತದೆ. ಸಜೆಸ್ಟ್ಸ್ ಸಾಲನ್ನು ಹೆಚ್ಚು ಜನ ಓದುವುದೂ ಇಲ್ಲ.

ಹಾಗಾದರೆ ಯಾವುದು ಚಟ್ನಿ, ಯಾವುದು ವಡೆ? ನಾನು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ. ಇದು ಬಂದು ಡಿಸ್ಕಿನ ಮೂಲೆಯಲ್ಲಿ ಸುಮ್ನೆ ಕೂರುತ್ತಾ, ಇಲ್ಲ ಎದ್ದು ಓಡಾಡುತ್ತಾ? ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸುವ ಕೋಡ್), ಫಾಂಟ್, ಪಿಡಿಎಫ್ ಮಾಡುವ ಪ್ರೋಗ್ರಾಂ ಇವೆಲ್ಲ ಕೂರುವಂಥವು. ಕೆಲವು ಎಂಬಿ ಜಾಗ ತಿನ್ನುತ್ತವೆ, ಅಷ್ಟೇ. ಆದರೆ ಡೆಬಿಯನ್‌ನಲ್ಲಿ ಸರ್ವಿಸ್ ಪ್ಯಾಕೇಜ್ ಇಳಿದರೆ ಸಾಮಾನ್ಯವಾಗಿ ಆ ಕ್ಷಣವೇ ಅದು ಶುರುವಾಗಿಬಿಡುತ್ತದೆ. ಯಾರೂ ಸ್ಟಾರ್ಟ್ ಅನ್ನಬೇಕಾಗಿಲ್ಲ. ನಿಮ್ಮ ಮಂಡಿಯಲ್ಲಿ ಎಂಜಿನ್‌ಎಕ್ಸ್ ಮಾಡಿದ್ದೂ ಇದೇ. ಬಂದ ತಕ್ಷಣ ವೆಬ್‌ನ ಬಾಗಿಲಾದ 80ನೇ ಪೋರ್ಟ್‌ಗೆ ಕೈ ಹಾಕಿತು, ಅಲ್ಲಿ ಆಗಲೇ ಅಪಾಚೆ ಕೂತಿತ್ತು.

ನನಗೆ ಇದು ಹತ್ತಿದ್ದು ಮೈಸುಟ್ಟ ಮೇಲೆ. ತುಮಕೂರಿನ ಒಂದು ಕಾಲೇಜಿನ ಉಬುಂಟು (ಡೆಬಿಯನ್ ಮೇಲೆ ಕಟ್ಟಿದ ಲಿನಕ್ಸ್) ಸರ್ವರ್‌ನಲ್ಲಿ ಎರಡು ಡಿಸ್ಕ್ ಜೋಡಿಸೋಕೆ ಎಂಡಿ‌ಎಡಿಎಂ ಬೇಕಿತ್ತು. ಸಣ್ಣ ಪ್ಯಾಕೇಜ್, ಡಿಸ್ಕ್ ಕೆಟ್ಟರೆ ಮೇಲ್ ಕಳಿಸಬೇಕಲ್ಲ, ಹಾಗಾಗಿ ಆಗ ಅದರ ರೆಕಮೆಂಡ್ಸ್‌ನಲ್ಲಿ ಮೇಲ್ ಸರ್ವರ್ ಇತ್ತು. ಉಬುಂಟುನಲ್ಲಿ ಅದಕ್ಕೆ ಪೋಸ್ಟ್‌ಫಿಕ್ಸ್ ಬರುತ್ತಿತ್ತು. ನಾನು ಇನ್‌ಸ್ಟಾಲ್ ಕೊಟ್ಟು ಪ್ರಿನ್ಸಿಪಾಲರ ರೂಮಿಗೆ ಕಾಫಿಗೆ ಹೋದೆ. ವಾಪಸ್ ಬಂದರೆ ಲ್ಯಾಬ್ ಹುಡುಗ, ‘ಮೇಡಂ, ಬಣ್ಣದ ಸ್ಕ್ರೀನ್ ಬಂದು ಏನೋ ಕೇಳ್ತು, ನಾನೇ ಎಂಟರ್ ಹೊಡೆದೆ’ ಎಂದ. ಆ ಸ್ಕ್ರೀನ್‌ನಲ್ಲಿ ಮೊದಲೇ ಆಯ್ಕೆಯಾಗಿ ಕೂತಿದ್ದದ್ದು ‘ಇಂಟರ್ನೆಟ್ ಸೈಟ್’. ಎಂಟರ್ ಎಂದರೆ, ಹೊರಗಿನ ಜಗತ್ತಿಗೆ ಮೇಲ್‌ನ 25ನೇ ಪೋರ್ಟ್ ತೆರೆದಂತೆ. ನಾನೂ ನೋಡದೆ ಬಿಟ್ಟೆ. ತಿಂಗಳಾದ ಮೇಲೆ ಲಾಗ್ ತೆಗೆದು ನೋಡಿದರೆ ಎಲ್ಲೆಲ್ಲಿಂದಲೋ ಬಾಗಿಲು ತಟ್ಟಿ ಹೋದವರ ಸಾಲು. ನನಗೆ ಬೇಕಿದ್ದದ್ದು ಎರಡು ಡಿಸ್ಕ್‌ಗಳ ಮದುವೆ. ಅಂಚೆ ಕಚೇರಿಯೇ ಬಂದು ಕೂತಿತ್ತು. ಹುಡುಗನ ತಪ್ಪಿಲ್ಲ, ಎಂಡಿ‌ಎಡಿಎಂ ಮಾಡಿದವರದ್ದೂ ಪೂರ್ತಿ ತಪ್ಪಲ್ಲ. ಕಾಫಿ ನಂದು.

ಸರಿ, ನಿಮ್ಮ ಪಟ್ಟಿಗೆ ಬರೋಣ.

ಪೋಸ್ಟ್‌ಗ್ರೆಸ್ ಓಡುವ ಜಾತಿಯದ್ದೇ, ಆದರೂ ರೆಕಮೆಂಡ್ಸ್‌ಗೆ ಹಾಕಿ. ಅದಿಲ್ಲದೆ ನಿಮ್ಮ ಲೆಕ್ಕ ನಡೆಯುವುದಿಲ್ಲ, ಮಂಡಿಯಲ್ಲಿ ಬೇರೆ ಡೇಟಾಬೇಸ್ ಮೆಷಿನ್ ಇಟ್ಟಿರುವವರು ಕಡಿಮೆ. ಡೆಬಿಯನ್‌ನ ಪೋಸ್ಟ್‌ಗ್ರೆಸ್ ಬಂದಾಗ ಅದೇ ಮೆಷಿನ್‌ನ ಒಳಗಿನವರ ಮಾತು ಮಾತ್ರ ಕೇಳುತ್ತದೆ, ಹೊರಗೆ ಬಾಗಿಲು ತೆರೆಯುವುದಿಲ್ಲ. ಆ ಧೈರ್ಯದ ಮೇಲೆ ಹೇಳುತ್ತಿದ್ದೇನೆ. ಡಿಪೆಂಡ್ಸ್‌ಗೆ ಯಾಕೆ ಬೇಡ ಅಂದರೆ, ನಾಳೆ ಒಬ್ಬ ದೊಡ್ಡ ಮಂಡಿಯವರು ಡೇಟಾಬೇಸ್ ಬೇರೆ ಮೆಷಿನ್‌ನಲ್ಲಿ ಇಡುತ್ತೇನೆ ಅಂದರೆ ದಾರಿ ಇರಬೇಕು. ಕಾಲೇಜು ಗ್ರಂಥಾಲಯಗಳಲ್ಲಿ ಪುಸ್ತಕದ ಲೆಕ್ಕ ಇಡುವ ಕೋಹಾ ನೋಡಿ. ಅದನ್ನು ಹಾಕುವಾಗ ಅದರ ಡೇಟಾಬೇಸ್ ಆದ ಮರಿಯಾಡಿಬಿ ಸರ್ವರ್ ಹಾಕುವುದು ಬೇರೆಯದೇ ಒಂದು ಹೆಜ್ಜೆ. ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿ ಮಾತ್ರ ಡಿಪೆಂಡ್ಸ್‌ನಲ್ಲೇ ಇರಲಿ. ನಿಮ್ಮ ಪ್ರೋಗ್ರಾಂ ಸಿ ಭಾಷೆಯದ್ದಾಗಿ ಅದಕ್ಕೆ ಲಿಂಕ್ ಆಗಿದ್ದರೆ, ಪ್ಯಾಕೇಜ್ ಕಟ್ಟುವಾಗ ಡಿಪಿಕೆಜಿ-ಎಸ್‌ಎಚ್‌ಲಿಬ್‌ಡೆಪ್ಸ್ ಅದನ್ನು ಹುಡುಕಿ ಡಿಪೆಂಡ್ಸ್‌ಗೆ ಸೇರಿಸುತ್ತದೆ. ಅಲ್ಲಿ ನಿಮ್ಮ ಇಷ್ಟ ನಡೆಯುವುದಿಲ್ಲ.

ವೆಬ್ ಸರ್ವರ್‌ಗೆ ಕಂಟ್ರೋಲ್ ಫೈಲ್‌ನ ರೆಕಮೆಂಡ್ಸ್ ಸಾಲಿನಲ್ಲಿ ಎಂಜಿನ್‌ಎಕ್ಸ್, ಮಧ್ಯೆ ಒಂದು ನಿಂತ ಗೆರೆ, ಆಮೇಲೆ ಅಪಾಚೆ2 ಎಂದು ಬರೆಯಿರಿ. ಅಪಾಚೆ ಆಗಲೇ ಇದ್ದರೆ ಆಪ್ಟ್ ಅಷ್ಟಕ್ಕೇ ತೃಪ್ತಿಪಡುತ್ತದೆ. ಏನೂ ಇಲ್ಲದಿದ್ದರೆ ಮೊದಲ ಹೆಸರನ್ನು ತರುತ್ತದೆ. ಆ ಒಂದು ಗೆರೆ ಹಾಕಿದ್ದರೆ ನಿಮ್ಮ ಜಗಳವೇ ಇರುತ್ತಿರಲಿಲ್ಲ.

ಕಪ್ಸ್ ಸಜೆಸ್ಟ್ಸ್‌ಗೆ. ಪ್ರಿಂಟರ್ ಎಲ್ಲಿ ಸಿಕ್ಕಿಸಿದ್ದೀರಿ ಹೇಳಿ? ಹೆಚ್ಚಿನ ಮಂಡಿಯಲ್ಲಿ ಗಲ್ಲಾಪೆಟ್ಟಿಗೆ ಪಕ್ಕದ ಕಂಪ್ಯೂಟರ್‌ಗೆ ಇರುತ್ತದೆ, ಪ್ರಿಂಟ್ ಹೋಗುವುದು ಅಲ್ಲಿನ ಬ್ರೌಸರ್‌ನಿಂದ. ಸರ್ವರ್‌ಗೆ ಕಪ್ಸ್ ಯಾಕೆ ಬೇಕು? ಇನ್ನೊಂದು ಕಾರಣವೂ ಇದೆ. ಕಪ್ಸ್ ಒಬ್ಬನೇ ಬರುವುದಿಲ್ಲ. ಅದರ ಕಡೆಯವರ ರೆಕಮೆಂಡ್ಸ್ ಹಿಡಿದು, ನೆಟ್‌ವರ್ಕ್‌ನಲ್ಲಿ ಪ್ರಿಂಟರ್ ಹುಡುಕುವ ಅವಾಹಿ, ಕಪ್ಸ್-ಬ್ರೌಸ್ಡ್ ಎಲ್ಲ ಹಿಂದೆ ಬರುತ್ತವೆ. ಮದುವೆಗೆ ಒಂದು ಕಾರ್ಡ್ ಕೊಟ್ಟರೆ ಓಣಿಯೇ ಬಂದ ಹಾಗೆ. 2024ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಗಲಾಟೆ ಆಗಿದ್ದು ಈ ಕಪ್ಸ್-ಬ್ರೌಸ್ಡ್‌ನ ದೋಷದಿಂದಲೇ. ಅದು 631ನೇ ಯುಡಿಪಿ ಪೋರ್ಟ್‌ನಲ್ಲಿ ಯಾರು ಏನು ಕಳಿಸಿದರೂ ಕೇಳಿಸಿಕೊಳ್ಳುತ್ತಿತ್ತು. ಪ್ರಿಂಟರೇ ಇಲ್ಲದ ಎಷ್ಟೋ ಸರ್ವರ್‌ಗಳಲ್ಲಿ ಅದು ಯಾಕಿದೆ ಎಂದು ಆವತ್ತು ಜನ ತಲೆ ಕೆರೆದುಕೊಂಡರು. ಯಾರದೋ ಶಿಫಾರಸಿನ ಶಿಫಾರಸು, ಇನ್ನೇನು.

ಮೇಲ್ ಸರ್ವರ್ ಮತ್ತು ಗಮ್ಮು ಎರಡೂ ಸಜೆಸ್ಟ್ಸ್. ಮೇಲ್ ಬಗ್ಗೆ ನನ್ನ ಕಥೆ ಹೇಳಿಯಾಯಿತು. ಗಮ್ಮುಗೆ ಮೋಡೆಮ್ ಬೇಕು, ಮೋಡೆಮ್ ತಂದವನಿಗೆ ಪ್ಯಾಕೇಜ್ ಹಾಕಿಕೊಳ್ಳುವುದೂ ಗೊತ್ತಿರುತ್ತದೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದನ್ನು ನಾನು ಸೇರಿಸುತ್ತೇನೆ. ಕನ್ನಡ ಫಾಂಟ್! ಸ್ಕ್ರೀನ್ ಇಲ್ಲದ ಡೆಬಿಯನ್ ಸರ್ವರ್‌ನಲ್ಲಿ ಕನ್ನಡ ಫಾಂಟ್ ಇರುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇದ್ದೇ ಇರುತ್ತದೆ, ಹಾಗಾಗಿ ನಿಮಗೆ ಗೊತ್ತೇ ಆಗುವುದಿಲ್ಲ. ಸರ್ವರ್ ಮಾಡಿದ ಪಿಡಿಎಫ್‌ನಲ್ಲಿ ರೈತನ ಹೆಸರಿನ ಜಾಗದಲ್ಲಿ ಖಾಲಿ ಚೌಕ ಬರುತ್ತದೆ. ಬಾಕ್ಸ್ ಲೆಕ್ಕ ಬರೆಯುವ ಪಟ್ಟಿಯಲ್ಲಿ ಬರೀ ಬಾಕ್ಸ್! ಫಾಂಟ್ಸ್-ಕೆಎನ್‌ಡಿಎ ಎಂಬ ಪ್ಯಾಕೇಜ್ ಹಾಕಿದರೆ ಕನ್ನಡ ಫಾಂಟ್‌ಗಳ ಗುಂಪೇ ಬರುತ್ತದೆ. ಅದರಲ್ಲಿ ಗುಬ್ಬಿ ಎಂಬ ಫಾಂಟ್ ಇದೆ. ನಮ್ಮ ಜಿಲ್ಲೆಯ ಗುಬ್ಬಿ ಎಂದು ಹೆಮ್ಮೆಪಟ್ಟಿದ್ದೆ. ನವಿಲು ಎಂಬ ಇನ್ನೊಂದನ್ನು ನೋಡಿದ ಮೇಲೆ ಹಕ್ಕಿ ಎಂದು ಹೊಳೆಯಿತು. ಇದನ್ನು ಡಿಪೆಂಡ್ಸ್‌ಗೇ ಹಾಕಿ, ರೆಕಮೆಂಡ್ಸ್‌ಗೆ ಅಲ್ಲ. ಸುಮ್ಮನೆ ಕೂರುವ ವಸ್ತು, ಯಾರಿಗೂ ತೊಂದರೆ ಇಲ್ಲ. ಪಟ್ಟಿ ಓದಲು ಬರದಿದ್ದರೆ ನಿಮ್ಮ ಸಾಫ್ಟ್‌ವೇರ್ ಮಂಡಿಯಲ್ಲಿ ಕೂತು ಮಾಡುವುದಾದರೂ ಏನು?

ಎರಡು ಮಾತು ಬಾಕಿ ಇದೆ.

ನೀವೇ ಹೋಗಿ ಹಾಕುವ ಮಂಡಿಗಳಿಗೆ ಇನ್ನೊಂದು ಪ್ಯಾಕೇಜ್ ಮಾಡಿ, ಹೆಸರಿಗೆ ‘ಪೂರ್ತಿ’ ಎಂದು ಸೇರಿಸಿ. ಒಳಗೆ ಏನೂ ಇರಬೇಕಾಗಿಲ್ಲ, ಡಿಪೆಂಡ್ಸ್ ಸಾಲು ಮಾತ್ರ: ನಿಮ್ಮ ಮೂಲ ಪ್ಯಾಕೇಜ್, ಪೋಸ್ಟ್‌ಗ್ರೆಸ್, ವೆಬ್ ಸರ್ವರ್. ಬೆಳಗಿನ ಜಾವ ಲಾರಿ ಬರುವ ಹೊತ್ತಿಗೆ ಹೊಸ ಮಂಡಿಯಲ್ಲಿ ಕೂತು ಒಂದೊಂದೇ ಹಾಕುವ ಸ್ಥಿತಿಯಲ್ಲಿ ನೀವು ಇರುವುದಿಲ್ಲ.

ಎರಡನೆಯದು ಹುಷಾರಾಗಿ ಓದಿ. ಈಗಾಗಲೇ ಹಳೆಯ ಪ್ಯಾಕೇಜ್ ಇರುವ ಮಂಡಿಗಳಲ್ಲಿ ಪೋಸ್ಟ್‌ಗ್ರೆಸ್ ಬಂದದ್ದು ನಿಮ್ಮ ಬೆನ್ನಿಗೆ. ಆಪ್ಟ್ ಅದನ್ನು ‘ತಾನಾಗಿ ಬಂದದ್ದು’ ಎಂದು ಗುರುತು ಹಾಕಿಕೊಂಡಿರುತ್ತದೆ. ಹೊಸ ಆವೃತ್ತಿಯಲ್ಲಿ ಆ ಹೆಸರನ್ನು ರೆಕಮೆಂಡ್ಸ್‌ಗೋ ಸಜೆಸ್ಟ್ಸ್‌ಗೋ ಇಳಿಸಿದರೆ ತೊಂದರೆ ಇಲ್ಲ, ಆಪ್ಟ್ ಮಾಮೂಲಿಯಾಗಿ ಎರಡನ್ನೂ ನೋಡಿ ಉಳಿಸಿಕೊಳ್ಳುತ್ತದೆ. ಮೂರೂ ಸಾಲಿಂದ ಅಳಿಸಿಬಿಟ್ಟರೆ, ಯಾರೋ ಒಬ್ಬರು ಆಟೋರಿಮೂವ್ ಕೊಟ್ಟ ದಿನ ‘ಇದು ಯಾರಿಗೂ ಬೇಡ’ ಎಂದು ತೆಗೆದುಹಾಕುತ್ತದೆ. ಸೀಸನ್ ಮಧ್ಯೆ ಡೇಟಾಬೇಸ್ ಹೋದರೆ ಮಂಡಿಯವರು ನಿಮ್ಮನ್ನೇ ಹರಾಜಿಗೆ ಹಾಕುತ್ತಾರೆ. ಆ ಮೆಷಿನ್‌ಗಳಲ್ಲಿ ಒಂದು ಸಲ ಆಪ್ಟ್-ಮಾರ್ಕ್ ಮ್ಯಾನ್ಯುಯಲ್ ಕೊಟ್ಟು, ಮುಂದೆ ಪೋಸ್ಟ್‌ಗ್ರೆಸ್ ಪ್ಯಾಕೇಜ್‌ನ ಹೆಸರು ಬರೆದುಬಿಡಿ. ಅದರ ಪೂರ್ತಿ ಹೆಸರಿನ ಕೊನೆಯಲ್ಲಿ ಆವೃತ್ತಿಯ ಸಂಖ್ಯೆ ಇರುತ್ತದೆ, ಅದನ್ನೂ ಸೇರಿಸಿ.

ಬಿಡುಗಡೆಗೆ ಮೊದಲು ಒಂದು ಖಾಲಿ ವರ್ಚುವಲ್ ಮೆಷಿನ್‌ನಲ್ಲಿ ಎಸ್‌ಎಸ್ ಮೈನಸ್ ಟಿಯುಎಲ್‌ಎನ್‌ಪಿ ಕೊಟ್ಟು, ಯಾವ ಪೋರ್ಟ್ ತೆರೆದಿವೆ ಬರೆದಿಟ್ಟುಕೊಳ್ಳಿ. ನಿಮ್ಮ ಪ್ಯಾಕೇಜ್ ಹಾಕಿ. ಮತ್ತೆ ಅದೇ ಕಮಾಂಡ್. ಹೊಸದಾಗಿ ಕಂಡ ಪ್ರತಿ ಸಾಲಿಗೂ ‘ಇದನ್ನು ಕರೆದದ್ದು ನಾನು, ಇಂಥ ಕೆಲಸಕ್ಕೆ’ ಎಂದು ಹೇಳಲು ಬರಬೇಕು. ಬರದಿದ್ದರೆ ಕಂಟ್ರೋಲ್ ಫೈಲ್ ತೆರೆಯಿರಿ.

ಪ್ರಶ್ನೆ: ನಾನು ಹೈಸ್ಕೂಲ್ ಮೇಷ್ಟ್ರು. ಶಾಲೆಯ ಹಳೇ ಕಂಪ್ಯೂಟರ್‌ಗೆ 16 ಜಿಬಿ ಡಿಸ್ಕ್ ಇದೆ. ಜಾಗ ಉಳಿಸಲು ಕನಿಷ್ಠ ಡೆಬಿಯನ್ ಹಾಕಿ, ಎಲ್ಲವನ್ನೂ ನೋ-ಇನ್‌ಸ್ಟಾಲ್-ರೆಕಮೆಂಡ್ಸ್ ಕೊಟ್ಟು ಹಾಕಿದೆ. ಈಗ ನೆಟ್‌ನಿಂದ ಕೋಡ್ ಇಳಿಸಲು ಗಿಟ್ ಕ್ಲೋನ್ ಮಾಡಿದರೆ ಸೈಟ್‌ನ ಸರ್ಟಿಫಿಕೇಟ್ ಸರಿಯಿಲ್ಲ ಎನ್ನುತ್ತದೆ. ಗೂಗಲ್ ಮಾಡಿದರೆ ಪರಿಶೀಲನೆಯನ್ನೇ ಆಫ್ ಮಾಡಿ ಎನ್ನುತ್ತಾರೆ. ಮಾಡಲಾ?
— ಒಬ್ಬ ಶಿಕ್ಷಕರು, ಚಿಕ್ಕಬಳ್ಳಾಪುರ

ಉತ್ತರ: ಬೇಡ ಮೇಷ್ಟ್ರೇ! ಬೀಗದ ಕೈ ಸಿಗಲಿಲ್ಲ ಎಂದು ಬಾಗಿಲನ್ನೇ ಕಿತ್ತು ಹಾಕಿದ ಹಾಗಾಗುತ್ತದೆ. ಗಿಟ್‌ನ ರೆಕಮೆಂಡ್ಸ್ ಸಾಲಿನಲ್ಲಿ ಸಿಎ-ಸರ್ಟಿಫಿಕೇಟ್ಸ್ ಎಂಬ ಪ್ಯಾಕೇಜ್ ಇದೆ. ನೀವು ಚಟ್ನಿ ಬೇಡ ಅಂದಿರಿ, ಅದೂ ಹೋಯಿತು. ಯಾವ ಸರ್ಟಿಫಿಕೇಟ್ ನಂಬಬೇಕು ಎಂಬ ಪಟ್ಟಿ ಇರುವುದು ಅದರಲ್ಲೇ. ಅದನ್ನು ಹಾಕಿ, ಸರಿಹೋಗುತ್ತದೆ.

ಇನ್ನು ಮುಂದೆ ಹಾಕುವ ಮೊದಲು ಆಪ್ಟ್ ಶೋ ಗಿಟ್ ಎಂದು ಕೊಟ್ಟು ಆ ಸಾಲು ಓದಿ. ಓದಿ ಬೇಡ ಅಂದರೆ ಸರಿ, ಓದದೆ ಬೇಡ ಅಂದರೆ ಹೀಗೆ. ನಾನೂ ಒಂದು ಕಾಲಕ್ಕೆ ನನ್ನ ಎಲ್ಲ ಸರ್ವರ್‌ಗಳಲ್ಲಿ ರೆಕಮೆಂಡ್ಸ್ ಪೂರ್ತಿ ಬಂದ್ ಮಾಡಿದ್ದೆ, ಪೋಸ್ಟ್‌ಫಿಕ್ಸ್ ಮೇಲಿನ ಸಿಟ್ಟಿಗೆ. ಆರು ತಿಂಗಳಲ್ಲಿ ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ ಆ ಬಂದ್ ತೆಗೆದೆ.

ಪ್ರಶ್ನೆ: ನಮ್ಮದು ಡೆಬಿಯನ್ ಅಲ್ಲ, ಆಲ್ಮಾಲಿನಕ್ಸ್. ಅಲ್ಲೂ ಹೀಗೆ ಜೊತೆಗೆ ಬರುವುದನ್ನು ತಡೆಯಬಹುದಾ?
— ಶಿರಾ, ತುಮಕೂರು ಜಿಲ್ಲೆ

ಉತ್ತರ: ಬಹುದು. ಅಲ್ಲಿನ ಪ್ಯಾಕೇಜ್ ಬಗೆಯಾದ ಆರ್‌ಪಿಎಂನಲ್ಲೂ ರೆಕಮೆಂಡ್ಸ್, ಸಜೆಸ್ಟ್ಸ್ ಇವೆ. ಅಲ್ಲಿ ಇವನ್ನು ವೀಕ್ ಡಿಪೆಂಡೆನ್ಸಿ ಎನ್ನುತ್ತಾರೆ. ಅಲ್ಲಿ ಆಪ್ಟ್‌ನ ಕೆಲಸ ಮಾಡುವ ಡಿಎನ್‌ಎಫ್‌ನ ಕಾನ್ಫಿಗರೇಶನ್ ಫೈಲ್‌ನಲ್ಲಿ ಇನ್‌ಸ್ಟಾಲ್_ವೀಕ್_ಡೆಪ್ಸ್ ಎಂಬುದಕ್ಕೆ ಫಾಲ್ಸ್ ಕೊಟ್ಟರೆ ನಿಲ್ಲುತ್ತದೆ. ಒಂದೇ ಸಲಕ್ಕೆ ಸಾಕು ಅಂದರೆ ಅದನ್ನೇ ಕಮಾಂಡ್ ಜೊತೆ ಸೆಟ್‌ಆಪ್ಟ್ ಎಂದು ಕೊಡಿ. ಹಾಕುವ ಮೊದಲು ಬರುವ ಪಟ್ಟಿಯಲ್ಲಿ ವೀಕ್ ಡಿಪೆಂಡೆನ್ಸಿಗಳಿಗೆ ಬೇರೆಯೇ ತಲೆಬರಹ ಇರುತ್ತದೆ, ವೈ ಒತ್ತುವ ಮುಂಚೆ ಅಲ್ಲಿ ಒಮ್ಮೆ ಕಣ್ಣಾಡಿಸಿ. ಆಪ್ಟ್‌ಗಿಂತ ಈ ಒಂದು ವಿಷಯದಲ್ಲಿ ಡಿಎನ್‌ಎಫ್ ನನಗೆ ಜಾಸ್ತಿ ಇಷ್ಟ.